ಹನ್ನೆರಡು ಅಡಿಯ ಓಣಿ

ಮೇಲಿನ ಮನೆಯಿಂದ ಬಂದ ಬುಟ್ಟಿಯಲ್ಲಿ ಹನ್ನೊಂದು ಕಿತ್ತಳೆಗಳಿದ್ದವು. ಯಮುನ ಅವನ್ನು ಒಂದೊಂದಾಗಿ ತೆಗೆದು ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟಳು, ಮತ್ತೆ ಬುಟ್ಟಿಗೆ ಹಾಕಿದಳು, ಮತ್ತೆ ತೆಗೆದಳು. ಹನ್ನೊಂದೇ. ಹನ್ನೆರಡು ಕಳುಹಿಸಿ ದಾರಿಯಲ್ಲಿ ಆ ಮನೆಯ ಆಳು ಕೆಂಚ ಒಂದನ್ನು ತಿಂದಿರಬಹುದು. ಅಥವಾ ಗಂಡನ ಅಣ್ಣನ ಹೆಂಡತಿ ಬೊಳ್ಳಮ್ಮಕ್ಕ ಹನ್ನೊಂದೇ ಕಳುಹಿಸಿರಬಹುದು, ಹನ್ನೆರಡನೆಯದನ್ನು ಬುಟ್ಟಿಯಿಂದ ತೆಗೆದು ಒಳಗಿಟ್ಟು, ಇದು ಯಮುನಳಿಗೆ ಅರ್ಥವಾಗಲಿ ಎಂದು. ಕೆಂಚ ಅಂಗಳದಲ್ಲೇ ನಿಂತಿದ್ದ. "ಅಕ್ಕ ಏನಾದರೂ ಹೇಳಿದಳಾ?" ಎಂದು ಕೇಳಿದರೆ ಅವನು ತಲೆಯ ಮೇಲಿನ ಸಿಂಬಿಯನ್ನು ಬಿಚ್ಚುತ್ತಾ, "ಎಂಥದೂ ಹೇಳಿಲ್ಲೆ ಅಮ್ಮಾ, ಮಧ್ಯಾಹ್ನದ ಮೊದಲು ಕೊಟ್ಟು ಬಾ ಅಂತ ಹೇಳಿದ್ದು ಅಷ್ಟೆ" ಎಂದ. ಮಧ್ಯಾಹ್ನದ ಮೊದಲು. ಹಾಗಾದರೆ ಬೊಳ್ಳಮ್ಮಕ್ಕ ಮಧ್ಯಾಹ್ನದ ನಂತರದ್ದನ್ನೂ ಯೋಚಿಸಿದ್ದಾಳೆ. ಮಧ್ಯಾಹ್ನ ಹನ್ನೆರಡಕ್ಕೆ ಮೇಲಿನ ಮನೆಯ ನಡುಮನೆಯಲ್ಲಿ, ತೂಗುದೀಪದ ಮುಂದೆ, ಭಾವನೂ ತನ್ನ ಗಂಡನೂ, ಅಣ್ಣತಮ್ಮಂದಿರಿಬ್ಬರೂ, ಆಣೆ ಹಾಕಿದ ಮೇಲೆ ಈ ಮನೆಯ ಹಣ್ಣು ಆ ಮನೆಗೆ, ಆ ಮನೆಯ ನೀರು ಈ ಮನೆಗೆ ಇಲ್ಲ. ಒಬ್ಬರ ಎದುರು ಒಬ್ಬರು ದೀಪ ಮುಟ್ಟಿದವರು ಒಂದೇ ಪಂಕ್ತಿಯಲ್ಲಿ ಕೂರಬಾರದು, ಸತ್ತರೆ ಹೆಣಕ್ಕೆ ಹೆಗಲು ಕೊಡಬಾರದು. ಈ ಕುಟುಂಬದಲ್ಲಿ ಹಿಂದೆ ಒಮ್ಮೆ ಹಾಗಾಗಿ ಮೂರು ತಲೆಮಾರು ಹಾಗೆಯೇ ಉಳಿದದ್ದನ್ನು ಮದುವೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಹೇಳಿದವಳೂ ಬೊಳ್ಳಮ್ಮಕ್ಕನೇ.

ಕೆಂಚ ಹೋದ ಮೇಲೆ ಅವಳು ಗಡಿಯಾರ ನೋಡಿದಳು. ಎಂಟೂಕಾಲು. ಮೇಲಿನ ಮನೆಯ ಗಡಿಯಾರದಲ್ಲಿ ಇದಕ್ಕಿಂತ ಹೆಚ್ಚಾಗಿರಬಹುದು ಎಂದು ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಬೇಸರವೂ ಆಯಿತು. ಹಿಂದಿನ ವರ್ಷ ಮಡಿಕೇರಿಯ ವಾಚನಾಲಯದಲ್ಲಿ ಒಂದು ಪತ್ರಿಕೆಯಲ್ಲಿ ಓದಿದ್ದಳು. ಅಮೆರಿಕದಲ್ಲಿ ಯಾರೋ ಎಪ್ಪತ್ತು ಚಿಲ್ಲರೆ ಅಡಿ ಎತ್ತರದ ಗೋಪುರದ ಬುಡದಲ್ಲಿಯೂ ತುದಿಯಲ್ಲಿಯೂ ಅಳೆದು, ಭೂಮಿಗೆ ಹತ್ತಿರವಿರುವಲ್ಲಿ ಕಾಲ ನಿಧಾನವಾಗಿ ಸಾಗುತ್ತದೆ, ಮೇಲೆ ಹೋದ ಹಾಗೆ ಬೇಗ ಸಾಗುತ್ತದೆ ಎಂದು ತೋರಿಸಿದ್ದರಂತೆ. ಯಾವ ಗಡಿಯಾರದ ಮುಳ್ಳಿನಲ್ಲೂ ಕಾಣಿಸದಷ್ಟು ಅಲ್ಪ ವ್ಯತ್ಯಾಸ. ಅದನ್ನು ಓದಿದ ದಿನ ಮನೆಗೆ ಬರುವಾಗ, ಬಸ್ಸು ಚೆಟ್ಟಿಮಾನಿ ದಾಟುವವರೆಗೂ, ಅವಳು ಮಾಡಿದ ಲೆಕ್ಕ ಒಂದೇ: ಮೇಲಿನ ಮನೆ ನಮ್ಮ ಮನೆಗಿಂತ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ. ಹಿರಿಯರ ಮನೆ, ದೀಪ, ಗದ್ದೆಯ ಮೇಲ್ಭಾಗ ಎಲ್ಲವೂ ಭಾವನಿಗೆ ಹೋದ ಮೇಲೆ ಕಾಲವೂ ಅಲ್ಲಿಯೇ ಒಂದಿಷ್ಟು ಮುಂದೆ. ಬಿ.ಎಸ್ಸಿ. ಓದಿದವಳ ಬುದ್ಧಿ ಓಡುವುದು ಇಲ್ಲಿಗೆ. ಯಾರಿಗೂ ಹೇಳಿರಲಿಲ್ಲ.

ಓಣಿಯ ವಿಷಯವನ್ನು ಮಾತ್ರ ಹೇಳಿದ್ದಳು. ಹೇಳಬಾರದಿತ್ತು. ಎರಡು ಮನೆಗಳ ಹಿಂದೆ, ಬೋರಲು ಹಾಕಿದ ಮಡಕೆಯ ಹಾಗೆ ಗುಂಡಗೆ ಒಂದು ಗುಡ್ಡೆ. ಗುಡ್ಡೆಯ ಆಚೆ ಬುಡದಲ್ಲಿ ಬೇಸಿಗೆಯಲ್ಲೂ ಬತ್ತದ ಒರತೆ. ಕೊಡಗು ಮೈಸೂರಿಗೆ ಸೇರಿದ ಮರುವರ್ಷ ಅಣ್ಣತಮ್ಮಂದಿರು ಪಾಲಾದಾಗ ಗುಡ್ಡೆಯ ಬಲಬದಿ ದೇರಪ್ಪ ಭಾವನಿಗೆ, ಎಡಬದಿ ಯಮುನಳ ಗಂಡ ಕುಶಾಲಪ್ಪನಿಗೆ, ನಡುವೆ ಒರತೆಗೆ ಹೋಗಲು ಹನ್ನೆರಡು ಅಡಿಯ ಓಣಿ ಇಬ್ಬರಿಗೂ ಸೇರಿದ್ದು ಎಂದಾಗಿತ್ತು. ಬೇಲಿ ಇರಲಿಲ್ಲ, ದನಗಳು ಎರಡೂ ಕಡೆ ಮೇಯುತ್ತಿದ್ದವು. ಈ ವರ್ಷ ಕಿತ್ತಳೆ ಸಸಿ ಇಡುವುದೆಂದು ಇಬ್ಬರೂ ಬೇಲಿ ಹಾಕಿದರು. ಮೊದಲ ವಾರ ಭಾವ ತನ್ನ ಬದಿಗೆ, ಮುಂದಿನ ವಾರ ಕುಶಾಲಪ್ಪ ತನ್ನ ಬದಿಗೆ. ಬುಡದಲ್ಲಿ ಇಬ್ಬರೂ ಸೇರಿಯೇ ಹನ್ನೆರಡು ಅಡಿ ಅಳೆದು ಮೊದಲ ಎರಡೆರಡು ಗೂಟ ನೆಟ್ಟಿದ್ದರು. ಅಲ್ಲಿಂದ ಮುಂದಕ್ಕೆ ಅಳತೆ ಇಲ್ಲ, ಗಳ. ಈ ಕುಟುಂಬದಲ್ಲಿ ಬೇಲಿಯ ನೇರ ಹಿಡಿಯುವುದು ಗಳದಿಂದಲೇ. ಇಪ್ಪತ್ತು ಅಡಿಯ ಒಂದು ನೆಟ್ಟನೆಯ ಬಿದಿರು. ಅದರ ಹಿಂದಿನ ಅರ್ಧವನ್ನು ಆಗಲೇ ನೆಟ್ಟ ಗೂಟಗಳಿಗೆ ತಾಗಿಸಿ ನೆಲದ ಮೇಲೆ ಮಲಗಿಸುವುದು, ಮುಂದಿನ ಅರ್ಧ ಎಲ್ಲಿ ಮುಗಿಯುತ್ತದೋ ಅಲ್ಲಿ ಹೊಸ ಗೂಟ, ಮತ್ತೆ ಗಳವನ್ನು ಅರ್ಧದಷ್ಟು ಮುಂದಕ್ಕೆ ಜಾರಿಸುವುದು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ತಂದೆ ಹಾಗೆ ಮಾಡಿದ್ದು, ಅಜ್ಜ ಹಾಗೆ ಮಾಡಿದ್ದು. ಗಳ ಸುಳ್ಳು ಹೇಳುವುದಿಲ್ಲ ಎಂದು ಕುಶಾಲಪ್ಪ ಹೇಳುವಾಗ ಅವನ ಮುಖದಲ್ಲಿ ಸತ್ತ ತಂದೆಯ ಮುಖ ಕಾಣಿಸುತ್ತದೆ ಎಂದು ಬೊಳ್ಳಮ್ಮಕ್ಕ ನಗುತ್ತಿದ್ದಳು.

ಭಾವ ಬೇಲಿ ಹಾಕುವಷ್ಟೂ ದಿನ ಯಮುನ ಅಡುಗೆಮನೆಯ ಕಿಟಕಿಯಿಂದ ನೋಡಿದ್ದಳು. ನೋಡುವುದು ಅವಳಿಗೆ ಹೊಸತಲ್ಲ. ಮದುವೆಗೆ ಮೊದಲು ಎರಡು ವರ್ಷ ಮಡಿಕೇರಿಯಲ್ಲಿ ವಿಜ್ಞಾನ ಹೇಳಿಕೊಡುವಾಗಲೂ ಅಷ್ಟೆ, ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದರೆ ಬೆನ್ನ ಹಿಂದೆ ಯಾರು ಯಾರನ್ನು ನೋಡಿ ನಕ್ಕರು ಎಂದು ಕಿವಿಯಲ್ಲೇ ನೋಡುತ್ತಿದ್ದಳು. ಭಾವ ಗಳವನ್ನು ಇಡುವಾಗ ಒಮ್ಮೆ ಕೆಳಗೆ ಇವರ ಮನೆಯ ಕಡೆ ನೋಡಿದ. ಯಾಕೆ ನೋಡಬೇಕು? ಗುಡ್ಡೆಯ ನೆತ್ತಿ ದಾಟಿದ ಮೇಲೆ ಅವನು ಕಾಣಿಸುತ್ತಿರಲಿಲ್ಲ. ಕಾಣಿಸದ ಆ ಎರಡು ದಿನಗಳು ಅವಳ ಮನಸ್ಸಿನಲ್ಲಿ ಬೆಳೆದವು. ಆಮೇಲೆ ಇವರ ಬೇಲಿಯೂ ಮುಗಿದು, ಅವಳು ಒರತೆಯಿಂದ ತುಂಬಿದ ಕೊಡ ಹೊತ್ತು ಹೊರಟಾಗ ಎದುರಿನಿಂದ ಮೇಲಿನ ಮನೆಯ ಆಳು ಚೋಮಿ ಕೊಡ ಹೊತ್ತು ಬಂದಳು. ಇಬ್ಬರೂ ನಿಂತರು. ಒಬ್ಬರು ಬದಿಗೆ ಸರಿಯದೆ ಇನ್ನೊಬ್ಬರು ಸಲೀಸಾಗಿ ದಾಟುವ ಹಾಗಿರಲಿಲ್ಲ. ಚೋಮಿ ಸರಿಯಲಿಲ್ಲ, ಅಥವಾ ಸರಿಯಲು ಒಂದು ಗಳಿಗೆ ತಡ ಮಾಡಿದಳು, ಯಮುನ ಸರಿದಳು. ಸೊಂಟದ ಮೇಲೆ ನೀರು ಚೆಲ್ಲಿತು. ಮನೆಗೆ ಬಂದು ಹೊಲಿಗೆಯ ಟೇಪು ತೆಗೆದುಕೊಂಡು ಯಾರೂ ಇಲ್ಲದ ಹೊತ್ತು ನೋಡಿ ಹೋಗಿ ಅಳೆದಳು. ಬುಡದಲ್ಲಿ ಹನ್ನೆರಡು ಅಡಿ. ನೆತ್ತಿಯಲ್ಲಿ ಹತ್ತು. ಒರತೆಯ ಹತ್ತಿರ ಐದು ಅಡಿಗೂ ಒಂದು ಅಂಗುಲ ಕಡಿಮೆ. ಆ ಸಂಜೆ ಗಂಡನ ತಟ್ಟೆಗೆ ಸಾರು ಬಡಿಸುತ್ತಾ ಹೇಳಿದಳು, "ಭಾವ ಓಣಿಯ ಒಳಗೆ ಬಂದಿದ್ದಾರೆ." ಬಂದಿರಬಹುದು ಎನ್ನಲಿಲ್ಲ. ಬಂದಿದ್ದಾರೆ ಎಂದಳು. ಮಾತಿನಲ್ಲಿ ಅಷ್ಟು ಎಚ್ಚರದವಳು ಆ ಒಂದು ಮಾತಿನಲ್ಲಿ ಯಾಕೆ ಎಚ್ಚರ ತಪ್ಪಿದಳು ಎಂದು ಈ ಒಂದು ತಿಂಗಳಲ್ಲಿ ನೂರು ಸಲ ಕೇಳಿಕೊಂಡಿದ್ದಳು. ತಪ್ಪಿದ್ದಲ್ಲ ಎಂಬುದೂ ಗೊತ್ತಿತ್ತು. ಚೋಮಿ ಸರಿಯದೇ ನಿಂತದ್ದನ್ನು ಗಂಡನಿಗೆ ಹೇಳಲಾಗದೆ ಅದನ್ನು ಹೇಳಿದ್ದು.

ಆಮೇಲಿನದೆಲ್ಲ ತಾನಾಗಿಯೇ ನಡೆಯಿತು. ಕುಶಾಲಪ್ಪ ಮೇಲೆ ಹೋದ. ಅಣ್ಣ ತಮ್ಮನನ್ನೇ ಕೇಳಿದ, ನೀನು ಯಾಕೆ ಒಳಗೆ ಬಂದದ್ದು ಎಂದು. ತಂದೆ ಸತ್ತಾಗ ಕುಶಾಲಪ್ಪನಿಗೆ ಒಂಬತ್ತು ವರ್ಷ, ಅವನನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟವನು ದೇರಪ್ಪ. ಹಾಗಿದ್ದೂ, ಅಥವಾ ಹಾಗಿದ್ದುದರಿಂದಲೇ, ಏಳು ಅಡಿ ಜಾಗವನ್ನು ಬಿಟ್ಟುಕೊಡಲು ಇಬ್ಬರಿಗೂ ಕಷ್ಟವಿರಲಿಲ್ಲ, ವಕ್ರ ಹೋದವನು ನಾನು ಎಂದು ಒಪ್ಪಿಕೊಳ್ಳಲು ಮಾತ್ರ ಇಬ್ಬರಿಗೂ ಆಗಲಿಲ್ಲ. "ನಾ ನೇರ ಹೋದ್ದು. ಬೇಕಾರೆ ದೀಪ ಮುಟ್ಟಿ ಹೇಳ್ನೆ" ಎಂದು ಭಾವ ಹೇಳಿಬಿಟ್ಟ. "ನಾನೂ ಮುಟ್ನೆ" ಎಂದು ಕುಶಾಲಪ್ಪ ಹೇಳಿಬಿಟ್ಟ. ಕುಟುಂಬದ ಹಿರಿಯ ಸಾಂತಪ್ಪಜ್ಜ ದಿನ ಗೊತ್ತು ಮಾಡಿದ. ಯಾರೂ ನೂಕಿದ್ದಿಲ್ಲ, ಯಾರೂ ಎಳೆದದ್ದಿಲ್ಲ.

ಹಾಗೆಂದುಕೊಂಡ ಕೂಡಲೇ ಅವಳ ಕೈ ನಿಂತಿತು. ಕೈಯಲ್ಲಿ ಒಂದು ಕಿತ್ತಳೆ ಇತ್ತು. ಸಿಪ್ಪೆ ಸುಲಿದದ್ದೂ ತಿಳಿದಿರಲಿಲ್ಲ. ಸುಲಿದ ಹಣ್ಣಿನ ಮೇಲೆ ತೊಳೆಗಳ ನಡುವಿನ ಗೆರೆಗಳು ಹಣ್ಣಿನ ನಡುವಿನಲ್ಲಿ ಒಂದರ ಪಕ್ಕ ಒಂದು ದೂರದೂರ ಹೊರಟು, ಯಾವುದೂ ಆಚೀಚೆ ತಿರುಗದೆ, ಮೇಲೆ ಹೋಗಿ ಒಂದೇ ಕಡೆ ಸೇರಿದ್ದವು. ಮೈಸೂರಿನ ತರಗತಿಯಲ್ಲಿ, ಪರೀಕ್ಷೆಗೆ ಮೊದಲಿನ ಕೊನೆಯ ವಾರ, ಸಿದ್ದರಾಜು ಮೇಷ್ಟ್ರು ಮೇಜಿನ ಮೇಲಿಟ್ಟದ್ದೂ ಒಂದು ಕಿತ್ತಳೆಯೇ. "ಕೊಡಗಿನದು, ನಿಮ್ಮ ಯಮುನಳ ಊರಿನದು" ಎಂದಿದ್ದರು, ಎಲ್ಲರೂ ತಿರುಗಿ ಅವಳನ್ನು ನೋಡಿದ್ದರು. ಪಠ್ಯದಲ್ಲಿಲ್ಲದ್ದನ್ನು ಹೇಳುತ್ತೇನೆ, ಬರೆದುಕೊಳ್ಳಬೇಡಿ ಎಂದರು. ಹಣ್ಣಿನ ನಡುವಿನಲ್ಲಿ ಶಾಯಿಯಿಂದ ಎರಡು ಚುಕ್ಕೆ ಇಟ್ಟರು. "ಇವು ಎರಡು ಇರುವೆ. ಪಕ್ಕಪಕ್ಕ ನಿಂತು ಒಂದೇ ದಿಕ್ಕಿಗೆ ಹೊರಟವು. ಇದೂ ನೇರ ಹೋಗತ್ತೆ, ಅದೂ ನೇರ ಹೋಗತ್ತೆ. ಹೋಗ್ತಾ ಹೋಗ್ತಾ ಹತ್ತಿರ ಬಂದವು, ತುದಿಯಲ್ಲಿ ಒಂದಕ್ಕೊಂದು ಡಿಕ್ಕಿ. ಹಣ್ಣು ಗುಂಡಗಿದೆ ಅಂತ ಅವಕ್ಕೆ ಗೊತ್ತಿಲ್ಲ. ಏನಂದುಕೊಳ್ತವೆ? ನಮ್ಮಿಬ್ಬರ ನಡುವೆ ಯಾವುದೋ ಸೆಳೆತ ಇದೆ ಅಂದುಕೊಳ್ತವೆ. ನಾವೂ ಅಷ್ಟೇ. ಭೂಮಿ ಕಲ್ಲನ್ನ ಎಳೀತದೆ ಅಂತೀವಿ. ಐನ್‌ಸ್ಟೈನ್ ಹೇಳಿದ್ದು, ಯಾರೂ ಯಾರನ್ನೂ ಎಳೆಯೋದಿಲ್ಲ. ಭಾರವಾದದ್ದು ಇದ್ದ ಕಡೆ ಜಾಗವೇ ಬಾಗಿದೆ, ಕಾಲವೂ ಬಾಗಿದೆ. ಆ ಬಾಗಿದ್ದರಲ್ಲಿ ಕಲ್ಲು ನೆಟ್ಟಗೆ ತನ್ನ ಪಾಡಿಗೆ ಹೋಗ್ತಿದೆ." ಸುಮ್ಮನೆ ಹಿಡಿದುಕೊಂಡ ಕಲ್ಲು ಎಲ್ಲೂ ಹೋಗುತ್ತಿಲ್ಲವಲ್ಲ ಎಂದು ಯಾರೋ ಕೇಳಿದರು. "ಹೋಗ್ತಿದೆ. ನಾಳೆಯ ಕಡೆ ಹೋಗ್ತಿದೆ. ಸುಮ್ಮನೆ ಕೂತವರೂ ಕಾಲದಲ್ಲಿ ನಡೀತಾನೇ ಇರ್ತಾರೆ. ಆ ನಡಿಗೆಯ ದಾರಿಯೇ ಬಾಗಿರೋದರಿಂದ, ಕೈ ಬಿಟ್ಟರೆ ನೆಲಕ್ಕೆ ಬರತ್ತೆ."

ಆಗ ಯಮುನ ಎದ್ದು ನಿಂತು ಕೇಳಿದ್ದಳು, "ಹಾಗಾದರೆ ಎಳೆಯೋರು ಯಾರು ಸಾರ್?" ಮೇಷ್ಟ್ರು ಒಂದು ಕ್ಷಣ ಅವಳನ್ನೇ ನೋಡಿ, "ಇಷ್ಟು ಹೊತ್ತು ಹೇಳಿದ ಮೇಲೂ ಕೊಡಗಿನವರಿಗೆ ಎಳೆಯೋರು ಒಬ್ಬರು ಬೇಕೇ ಬೇಕು" ಎಂದರು. ನಲವತ್ತು ಹುಡುಗಿಯರು ನಕ್ಕರು. ಆ ನಗುವಿನ ಬಿಸಿ ಈಗಲೂ ಕಿವಿಯ ತುದಿಯಲ್ಲಿತ್ತು. ಆ ದಿನದಿಂದ ಆ ಪಾಠವನ್ನು ಅವಳು ನೆನೆದದ್ದೇ ಕಡಿಮೆ, ನೆನೆದರೆ ನಗುವೊಂದೇ ನೆನಪಾಗುತ್ತಿತ್ತು. ನಗು ಅಡ್ಡ ನಿಂತು ಪಾಠವನ್ನು ಮುಚ್ಚಿತ್ತು. ಇಲ್ಲದಿದ್ದರೆ ಟೇಪು ಹಿಡಿದು ಗುಂಡಗಿನ ಗುಡ್ಡೆಯ ನೆತ್ತಿಯಲ್ಲಿ ನಿಂತವಳಿಗೆ, ಹನ್ನೆರಡು ಹತ್ತಾಗಿ ಐದಾದದ್ದನ್ನು ಕಣ್ಣಾರೆ ಓದಿದವಳಿಗೆ, ಹೊಳೆಯಲೇಬೇಕಿತ್ತು. ಗಳ ನೆಲಕ್ಕೆ ಅಂಟಿಕೊಂಡು ಹೋಗುತ್ತದೆ. ನೆಲ ಬಾಗಿದರೆ ಅದರೊಂದಿಗೆ ಬಾಗಿ, ತನ್ನ ಮಟ್ಟಿಗೆ ನೇರವಾಗಿಯೇ ಹೋಗುತ್ತದೆ. ಭಾವ ನೇರ ಹೋಗಿದ್ದಾನೆ. ಕುಶಾಲಪ್ಪ ನೇರ ಹೋಗಿದ್ದಾನೆ. ಇಬ್ಬರೂ ಇವತ್ತು ಮಧ್ಯಾಹ್ನ ದೀಪ ಮುಟ್ಟಿ ಹೇಳುವುದು ನಿಜವೇ. ಎರಡು ನಿಜಗಳು ಸೇರಿ ಎರಡು ಮನೆಗಳ ನಡುವೆ ನೀರು ನಿಲ್ಲಿಸುತ್ತವೆ.

ಕುಶಾಲಪ್ಪ ಹಿತ್ತಲಿನಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ. ಕನ್ನಡಿಯಲ್ಲಿ ಅವಳನ್ನು ಕಂಡು ಕೈ ತಡೆದ. ಅವಳು ಹಣ್ಣನ್ನು ಮುಂದೆ ಹಿಡಿದು ಹೇಳಿದಳು. ಹೇಳುವಾಗ ಮೇಷ್ಟ್ರ ಮಾತುಗಳೇ ಬಾಯಿಗೆ ಬಂದವು, ಇರುವೆ, ಚುಕ್ಕೆ, ತುದಿ. ಅವನು ಪೂರ್ತಿ ಕೇಳಿದ. ಆಮೇಲೆ ಕತ್ತಿಯನ್ನು ನೀರಿನಲ್ಲಿ ಅದ್ದಿದ.

"ಅಣ್ಣ ಒಳಗೆ ಬಂದದ್ದು ಅಂತ ಹೇಳ್ದವಳು ನೀನೇ ಅಲ್ಲ?"

"ಹೌದು. ತಪ್ಪಾಯಿತು. ಅಳತೆ ಸರಿ ಇತ್ತು, ಹೇಳಿದ್ದು ತಪ್ಪು."

"ಈ ಹಣ್ಣು ಎಲ್ಲಿಂದ ಬಂತ್?"

ಅವಳು ಹಣ್ಣನ್ನು ಕೆಳಗಿಳಿಸಿದಳು.

"ಮೇಲಿನ ಮನೆದಲ್ಲ? ಕಿತ್ತಳೆ ಬಂದ ಮೇಲೆ ನಿಂಗೆ ಬುದ್ಧಿ ಬಂತ್" ಎಂದ ಕುಶಾಲಪ್ಪ. ಕೋಪದಿಂದಲ್ಲ, ಲೆಕ್ಕ ತಾಳೆಯಾದವನ ಹಾಗೆ. "ಅತ್ತಿಗೆ ಎಂಥ ಹೇಳಿ ಕಳ್ಸಿದ್ದು ನಿಂಗೆ?"

ಯಾರನ್ನಾದರೂ ನೋಡಿದರೆ ಅವರ ಹಿಂದೆ ಇನ್ಯಾರು ನಿಂತಿದ್ದಾರೆ ಎಂದು ಹುಡುಕುವುದು ತನ್ನೊಬ್ಬಳ ರೋಗ ಎಂದು ಅವಳು ತಿಳಿದುಕೊಂಡಿದ್ದಳು. ಕನ್ನಡಿಯಲ್ಲಿ ಗಂಡನ ಅರ್ಧ ಹೆರೆದ ಮುಖ ತನ್ನನ್ನು ಹಾಗೆಯೇ ನೋಡುತ್ತಿರುವುದನ್ನು ಕಂಡು, ತಾನು ನೋಡಿದವರಿಗೆಲ್ಲ ಇಷ್ಟು ದಿನ ಹೀಗೆಯೇ ಆಗಿರಬೇಕು ಎಂದು ಮೊದಲ ಸಲ ಅನ್ನಿಸಿತು. ಅವಳು ಅಟ್ಟದ ಕೆಳಗೆ ಕಟ್ಟಿಟ್ಟಿದ್ದ ಗಳವನ್ನು ಬಿಚ್ಚಿ, ಹೆಗಲ ಮೇಲೆ ಹೊತ್ತು ಮೇಲಿನ ಮನೆಗೆ ಹೋದಳು.

ಬೊಳ್ಳಮ್ಮಕ್ಕ ದೀಪದ ಎಣ್ಣೆಯ ಬಟ್ಟಲನ್ನು ಬೂದಿ ಹಾಕಿ ಉಜ್ಜುತ್ತಿದ್ದಳು. ಮದುವೆಯಾದ ಎರಡನೇ ವರ್ಷ ಯಮುನಳಿಗೆ ಗರ್ಭ ನಿಲ್ಲದೆ ಹೋದಾಗ, ಹದಿನಾರು ದಿನ ಗಂಜಿ ಹೊತ್ತು ಇಳಿದು ಬಂದು, ಒಂದು ಮಾತೂ ಕೇಳದೆ, ತಲೆಗೆ ಎಣ್ಣೆ ಹಾಕಿದ ಕೈ ಅದು. ಆ ಕೈ ಈಗ ನಿಲ್ಲಲಿಲ್ಲ. ಗಳವನ್ನು ನೋಡಿ, "ಎಂಥ, ಹೊಡಿಕೆ ಬಂದೆಯಾ?" ಎಂದಳು. ನಗುವಿತ್ತೋ ಇಲ್ಲವೋ.

"ಅಕ್ಕ, ನನ್ನ ಜೊತೆ ಓಣಿಗೆ ಬಾ. ನಿಮ್ಮ ಗಳವನ್ನೂ ತಗೊ. ನೀನು ನಿಮ್ಮ ಬೇಲಿಯ ಬದಿ ಇಡು, ನಾನು ನಮ್ಮ ಬೇಲಿಯ ಬದಿ ಇಡ್ತೇನೆ. ಗೂಟ ನೋಡುವುದು ಬೇಡ, ಗಳ ಒಂದನ್ನೇ ನಂಬಿ ಹೋಗುವ. ಎಲ್ಲಿ ಹೋಗಿ ನಿಲ್ತೇವೆ ನೋಡುವ."

"ಇದನ್ನ ನಿಂಗೆ ಹೇಳಿ ಕೊಟ್ಟದ್ದು ಯಾರು?"

"ಯಾರೂ ಇಲ್ಲ."

ಬೊಳ್ಳಮ್ಮಕ್ಕ ಬಟ್ಟಲನ್ನು ಬೋರಲು ಹಾಕಿದಳು. ಆಮೇಲೆ ಕೈ ತೊಳೆದುಕೊಂಡು ಸೆರಗು ಸಿಕ್ಕಿಸಿ, ಹಟ್ಟಿಯ ಗೋಡೆಗೆ ಆನಿಸಿದ್ದ ಗಳವನ್ನು ಎತ್ತಿಕೊಂಡಳು.

ಬುಡದಲ್ಲಿ, ಹನ್ನೆರಡು ಅಡಿ ದೂರದಲ್ಲಿ, ಇಬ್ಬರೂ ಬಗ್ಗಿ ಗಳ ಮಲಗಿಸಿದರು. ಅರ್ಧ ಹಿಂದಕ್ಕೆ, ಅರ್ಧ ಮುಂದಕ್ಕೆ, ತುದಿಯಲ್ಲಿ ಒಂದು ಕಲ್ಲಿನ ಗುರುತು, ಮತ್ತೆ ಜಾರಿಸುವುದು. ಒಣಹುಲ್ಲು ಅಂಗಾಲಿಗೆ ಚುಚ್ಚುತ್ತಿತ್ತು. ಬೊಳ್ಳಮ್ಮಕ್ಕ ಉಸಿರು ಬಿಡುತ್ತಾ ತನ್ನ ಗಳವನ್ನು ತಲೆ ಎತ್ತದೆ ಇಡುತ್ತಾ ಬಂದಳು. ಯಮುನಳ ಕಣ್ಣು ತನ್ನ ಗಳದ ಮೇಲೆ ಒಂದು ಸಲ, ಬೊಳ್ಳಮ್ಮಕ್ಕನ ಗಳದ ಮೇಲೆ ಎರಡು ಸಲ. ಅವಳ ಕೈ ಎಲ್ಲಿ ಒಂದು ಬೆರಳಿನಷ್ಟು ಒಳಕ್ಕೆ ತಳ್ಳುತ್ತದೆ ಎಂದು ಕಾದಳು. ಬೇಡವೆಂದರೂ ಕಾದಳು. ಹತ್ತು ಸಲ, ಇಪ್ಪತ್ತು ಸಲ. ಗಳ ಒಮ್ಮೆಯೂ ಅಲುಗಲಿಲ್ಲ. ನೆತ್ತಿಯಲ್ಲಿ ನಿಂತು ಬೆನ್ನು ನೆಟ್ಟಗೆ ಮಾಡಿದಾಗ ಇಬ್ಬರ ನಡುವಿನ ಅಂತರ ಕಡಿಮೆಯಾಗಿತ್ತು, ಆದರೆ ಹೇಳುವಷ್ಟಲ್ಲ. ಇಳಿಜಾರಿನಲ್ಲಿ ಬೊಳ್ಳಮ್ಮಕ್ಕನ ಉಸಿರು ಯಮುನಳಿಗೆ ಕೇಳತೊಡಗಿತು, ಆಮೇಲೆ ಅವಳು ಉಜ್ಜಿದ ಬೂದಿಯ ವಾಸನೆ, ಆಮೇಲೆ ಅವಳ ಕತ್ತಿನ ಬೆವರು ಕಾಣಿಸಿತು. ಒರತೆಯ ಕಲ್ಲಿನ ಹತ್ತಿರ ಕೊನೆಯ ಸಲ ಬಗ್ಗಿ ಎದ್ದಾಗ ಕೈ ಚಾಚಿದರೆ ಹೆಗಲು ಮುಟ್ಟುವಷ್ಟು ಹತ್ತಿರ ನಿಂತಿದ್ದರು. ಎರಡೂ ಗಳಗಳು ಆಯಾ ಬೇಲಿಯ ಗೂಟಗಳಿಗೆ ಉದ್ದಕ್ಕೂ ತಾಗಿಕೊಂಡೇ ಬಂದಿದ್ದವು. ಯಮುನಳಿಗೆ ಕಣ್ಣು ತುಂಬಿತು. ಇಷ್ಟು ಸರಳವಾಗಿ ಒಂದು ನಿಜ ನೆಲದ ಮೇಲೆ ಬಿದ್ದಿರುವುದನ್ನು ಅವಳು ಕಾಲೇಜಿನ ಯಾವ ಪ್ರಯೋಗದಲ್ಲೂ ಕಂಡಿರಲಿಲ್ಲ.

"ನೋಡಿದೆಯಾ ಅಕ್ಕ."

"ನೋಡ್ದೆ" ಎಂದಳು ಬೊಳ್ಳಮ್ಮಕ್ಕ. "ನಮ್ಮವು ನೇರ ಹೋದವೆ."

"ನಮ್ಮವರೂ ನೇರ ಹೋಗಿದ್ದಾರೆ."

"ಅದ್ ನಂಗೆ ಗೊತ್ತಿಲ್ಲೆ. ನಾ ನನ್ನ ಗಳ ನೋಡ್ತಿದ್ದೆ, ನಿನ್ನದ್ ನೋಡಿಲ್ಲೆ." ಅವಳು ಒರತೆಯ ನೀರನ್ನು ಬೊಗಸೆಯಲ್ಲಿ ತೆಗೆದು ಮುಖಕ್ಕೆ ಹಾಕಿಕೊಂಡಳು. "ನೀ ಯಾಕೆ ನನ್ನನ್ನೇ ನೋಡ್ತಿದ್ದೆ?"

ನಂಬದೆ ಇದ್ದುದರಿಂದ ನೋಡಿದೆ, ನೋಡಿದ್ದರಿಂದ ನನಗೊಬ್ಬಳಿಗೆ ಇಬ್ಬರೂ ನೇರ ಎಂದು ಗೊತ್ತು. ಇದನ್ನು ಹೇಗೆ ಹೇಳುವುದು. ಯಮುನ ಕಾಲಿನ ಹುಲ್ಲು ಒರೆಸಿಕೊಂಡಳು. ಇಬ್ಬರೂ ಒಬ್ಬರ ಹಿಂದೆ ಒಬ್ಬರು ಗುಡ್ಡೆ ಹತ್ತಿ ಇಳಿದರು.

ಹನ್ನೆರಡಕ್ಕೆ ಮೊದಲೇ ನಡುಮನೆ ತುಂಬಿತ್ತು. ಕುಟುಂಬದ ಹತ್ತು ಹದಿನೈದು ಗಂಡಸರು ಗೋಡೆಗೆ ಒರಗಿ ಕೂತಿದ್ದರು, ಹೆಂಗಸರು ಒಳಬಾಗಿಲಲ್ಲಿ. ಸಾಂತಪ್ಪಜ್ಜ ಮಣೆಯ ಮೇಲೆ. ಭಾವ ಮಿಂದು ಒದ್ದೆ ಪಂಚೆಯಲ್ಲಿ ದೀಪದ ಬಲಕ್ಕೆ ನಿಂತಿದ್ದ, ಕುಶಾಲಪ್ಪ ಎಡಕ್ಕೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ, ಆದರೆ ಇಬ್ಬರ ಒದ್ದೆ ಕಾಲುಗಳು ಒಂದೇ ಥರ, ಹೆಬ್ಬೆರಳು ನೆಲಕ್ಕೆ ಒತ್ತಿ, ನಡುಗದಂತೆ ಹಿಡಿದು ನಿಂತಿದ್ದವು. ಭಾವನ ಕೆನ್ನೆ ಒಳಕ್ಕೆ ಹೋಗಿತ್ತು. ಅವನು ನಿದ್ದೆ ಮಾಡಿ ಎಷ್ಟು ದಿನವಾಯಿತೋ ಎಂದು ಯಮುನಳಿಗೆ ಅನ್ನಿಸಿತು, ಈ ಒಂದು ತಿಂಗಳಲ್ಲಿ ಅವನನ್ನು ಅಷ್ಟು ನೋಡಿದವಳಿಗೆ ಅದು ಕಂಡಿರಲಿಲ್ಲ. ಸಾಂತಪ್ಪಜ್ಜ, "ಇನ್ನು ಯಾರಿಗಾದರೂ ಹೇಳಿಕೆ ಉಟ್ಟಾ?" ಎಂದು ರೂಢಿಯಂತೆ ಕೇಳಿದ. ಯಾರೂ ಹೇಳುವುದಿಲ್ಲ ಎಂದು ಗೊತ್ತಿದ್ದು ಕೇಳುವ ಮಾತು ಅದು.

"ಉಂಟು ಅಜ್ಜ" ಎಂದಳು ಯಮುನ.

ಹೇಳಿದಳು. ಕಿತ್ತಳೆಯನ್ನು ಸೆರಗಿನಿಂದ ತೆಗೆದಾಗ ಯಾರೋ ಕೆಮ್ಮಿದರು. ಇಬ್ಬರೂ ನೇರ ಹೋಗಿದ್ದಾರೆ, ಗುಡ್ಡೆ ಗುಂಡಗಿರುವುದರಿಂದ ನೇರ ಹೋದವರು ಹತ್ತಿರ ಬರಲೇಬೇಕು, ಯಾರ ತಪ್ಪೂ ಇಲ್ಲ, ಇಬ್ಬರೂ ಆಣೆ ಹಾಕಿದರೂ ಎರಡೂ ನಿಜವೇ ಎಂದಳು. ಅಕ್ಕ ಮತ್ತು ತಾನು ಬೆಳಿಗ್ಗೆ ಗಳ ಇಟ್ಟು ನೋಡಿದ್ದನ್ನೂ ಹೇಳಿದಳು. ಎಲ್ಲರೂ ಒಳಬಾಗಿಲ ಕಡೆ ನೋಡಿದರು. ಬೊಳ್ಳಮ್ಮಕ್ಕ, "ನಾ ನನ್ನ ಗಳ ಮಾತ್ರ ನೋಡ್ದೆ" ಎಂದಳು. ಸುಳ್ಳಲ್ಲ.

"ಅವನೂ ನೇರ, ಇವನೂ ನೇರ" ಎಂದ ಸಾಂತಪ್ಪಜ್ಜ ನಿಧಾನವಾಗಿ. "ಮತ್ತೆ ಏಳು ಅಡಿ ಜಾಗ ಎಲ್ಲಿ ಹೋತ್? ಗುಡ್ಡೆ ತಿಂತಾ?"

ನಗು. ಗೋಡೆಯ ಬದಿಯಿಂದ ಒಬ್ಬ, "ಕಿತ್ತಳೆ ಮೇಲೆ ಬೇಲಿ ಹಾಕಿದ ಲೆಕ್ಕ ಅಜ್ಜ, ಬಿ.ಎಸ್ಸಿ. ಲೆಕ್ಕ" ಎಂದ. ಮತ್ತೆ ನಗು. ಕುಶಾಲಪ್ಪ ನಗಲಿಲ್ಲ, ಅವನ ಕಿವಿ ಕೆಂಪಾಯಿತು.

"ನೀ ಓದಿದವಳ್, ನಿಂಗೆ ಗೊತ್ತಿರೊದು" ಎಂದ ಅಜ್ಜ, ನಗು ನಿಂತ ಮೇಲೆ, ಸ್ವಲ್ಪ ಮೆತ್ತಗೆ. "ಆದರೆ ಕೂಸೇ, ಇಬ್ಬರದ್ದೂ ನಿಜ ಆದರೆ ಆಣೆ ಹಿಡಿಯುದು ಯಾರನ್ನ? ತಪ್ಪು ಉಟ್ಟು ಅಂದರೆ ಮಾಡಿದವ ಒಬ್ಬ ಬೇಕಲ್ಲ."

ಭಾವ ಒಂದು ಹೆಜ್ಜೆ ಮುಂದಿಟ್ಟ. ಕೈ ದೀಪದ ಸರಪಣಿಯ ಕಡೆ ಏರಿತು. ಆ ಕೈ ಏರುವುದು ಅವಳಿಗೆ ತೀರ ನಿಧಾನವಾಗಿ ಕಂಡಿತು, ಅಥವಾ ತನ್ನ ಕಾಲವೇ ನಿಧಾನವಾಯಿತು. ಯಾರೂ ಯಾರನ್ನೂ ಎಳೆಯುತ್ತಿಲ್ಲ, ಇಲ್ಲಿ ಕೂತವರಲ್ಲಿ ಒಬ್ಬರಿಗೂ ಈ ಕೈ ಸರಪಣಿಯನ್ನು ಮುಟ್ಟುವುದು ಬೇಡ, ಆದರೂ ಅದು ಹೋಗುತ್ತಿದೆ, ಸುಮ್ಮನೆ ಬಿಟ್ಟರೆ ಮುಟ್ಟುತ್ತದೆ. ಎಲ್ಲರೂ ಕಾಯುತ್ತಿದ್ದಾರೆ, ದೀಪವನ್ನಲ್ಲ, ಒಬ್ಬರನ್ನು. ಒಬ್ಬರು ಸಿಕ್ಕಿದರೆ ಸಾಕು.

"ಒರತೆ ಹತ್ತಿರದ ಗೂಟ ಸರಿಸಿದ್ದು ನಾನು" ಎಂದಳು ಯಮುನ.

ಭಾವನ ಕೈ ನಿಂತಿತು. ಕುಶಾಲಪ್ಪ ತಿರುಗಿದ. "ಎರಡೂ ಬದಿಯದ್ದು. ಇಬ್ಬರನ್ನೂ ಬೇರೆ ಮಾಡುವ ಅಂತ ಸರಿಸಿದೆ" ಎಂದು ಸೇರಿಸಿದಳು, ಅದಕ್ಕೊಂದು ಕಾರಣ ಬೇಕು ಎಂದು ತೋರಿದ್ದರಿಂದ. ಒಬ್ಬ ಹೆಂಗಸು ನೆತ್ತಿಯಿಂದ ಒರತೆಯವರೆಗಿನ ಅಷ್ಟೂ ಗೂಟಗಳನ್ನು ಕಿತ್ತು, ಹೊಸ ಗುಂಡಿ ತೋಡಿ, ಹಳೆಯದನ್ನು ಮುಚ್ಚಿ, ಯಾರ ಕಣ್ಣಿಗೂ ಬೀಳದೆ ಮತ್ತೆ ನೆಡುವುದು ಹೇಗೆ ಎಂದು ಯಾರಾದರೂ ಕೇಳುತ್ತಾರೆ ಎಂದು ಕಾದಳು. ಯಾರೂ ಕೇಳಲಿಲ್ಲ. ನಡುಮನೆಯಲ್ಲಿ ಅಲ್ಲಲ್ಲಿ ಉಸಿರು ಬಿಟ್ಟ ಸದ್ದಾಯಿತು, ಯಾರೋ ಕಾಲು ಮಡಚಿ ಸರಿಯಾಗಿ ಕೂತರು, ಒಳಬಾಗಿಲಲ್ಲಿ ಒಬ್ಬಳು, "ನಂಗೆ ಆಗಲೇ ಗೊತ್ತಿತ್ತು" ಎಂದಳು. ಭಾವ ಸರಪಣಿಯ ಕಡೆ ಏರಿದ್ದ ಕೈ ಇಳಿಸಿ ಅದೇ ಕೈಯನ್ನು ತಮ್ಮನ ಹೆಗಲ ಮೇಲೆ ಇಟ್ಟ. ಕುಶಾಲಪ್ಪನ ಮುಖ ಚಿಕ್ಕ ಮಕ್ಕಳ ಮುಖದ ಹಾಗೆ ಒಡೆಯಿತು. ಅವನು ಅಣ್ಣನ ಕಡೆ ವಾಲಿ ನಿಂತ. ಹೆಂಡತಿಯ ಕಡೆ ನೋಡಲಿಲ್ಲ. ಸಾಂತಪ್ಪಜ್ಜ ಗಂಟಲು ಸರಿಮಾಡಿಕೊಂಡು, ಅವಳು ಭಾವನ ಕಾಲು ಮುಟ್ಟಬೇಕು, ನಾಳೆ ಅಣ್ಣತಮ್ಮಂದಿರು ಸೇರಿ ಒರತೆಯ ಹತ್ತಿರ ಹನ್ನೆರಡು ಅಡಿ ಅಳೆದು ಹೊಸ ಗೂಟ ನೆಡಬೇಕು, ಇವತ್ತು ಎಲ್ಲರೂ ಇಲ್ಲೇ ಉಣ್ಣಬೇಕು ಎಂದು ಹೇಳಿ ಎದ್ದ. ಅವಳು ಕಾಲು ಮುಟ್ಟಿದಳು. ಭಾವ ಒಂದು ಹೆಜ್ಜೆ ಹಿಂದೆ ಸರಿದ.

ಊಟಕ್ಕೆ ಗಂಡಸರು ಎರಡು ಸಾಲಾಗಿ ಕೂತರು, ಅಣ್ಣತಮ್ಮಂದಿರು ಪಕ್ಕಪಕ್ಕ. ನಗು, ಮಾತು, ಭಾಗಮಂಡಲದ ಯಾವುದೋ ಮದುವೆಯ ಸುದ್ದಿ. ಹೆಂಗಸರ ಸರದಿ ಬಂದಾಗ ಯಮುನಳ ಎರಡೂ ಬದಿ ಎಲೆ ಖಾಲಿ ಉಳಿಯಿತು. ಬಡಿಸುತ್ತಿದ್ದ ಬೊಳ್ಳಮ್ಮಕ್ಕ ಅದನ್ನು ಕಂಡು, ಅನ್ನದ ಪಾತ್ರೆಯನ್ನು ಕೆಳಗಿಟ್ಟು, ಬಂದು ಬಲಬದಿಯ ಎಲೆಯ ಮುಂದೆ ಕೂತಳು. ಯಮುನ ಸ್ವಲ್ಪ ಸರಿದು ಜಾಗ ಮಾಡಿದಳು. ಇವಳಿಗೆ ಗೊತ್ತು. ಇವಳಿಗೊಬ್ಬಳಿಗೆ ಗೊತ್ತು. ಬೆಳಿಗ್ಗೆ ಗಳ ಇಟ್ಟ ಕೈ ಇದು, ಈ ಮನೆಯಲ್ಲಿ ಒಬ್ಬರು ತನ್ನನ್ನು ನಂಬಿದರೆ ಉಳಿದವರು ಹೇಗಿದ್ದರೂ ನಡೆಯುತ್ತದೆ. ಇಬ್ಬರೂ ಅನ್ನ ಕಲಸಿದರು. ಆಮೇಲೆ ಬೊಳ್ಳಮ್ಮಕ್ಕ, ಬೇರೆಯವರಿಗೆ ಕೇಳಿಸದ ಹಾಗೆ, ಬೈಯುವ ದನಿಯಲ್ಲಲ್ಲ, ಮಗುವನ್ನು ಕೇಳುವ ಹಾಗೆ ಕೇಳಿದಳು:

"ಯಾವ ದಿನ ಸರಿಸಿದ್ದು?"

ಯಮುನ ಅವಳ ಮುಖ ನೋಡಿದಳು. ಅಲ್ಲಿ ಮೋಸವಿರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ತಿಳಿದುಕೊಂಡು ಮರೆತುಬಿಡೋಣ ಎನ್ನುವ ಪ್ರೀತಿ ಮಾತ್ರ ಇತ್ತು.

"ಶುಕ್ರವಾರ" ಎಂದಳು, ಬಾಯಿಗೆ ಬಂದ ದಿನವನ್ನು.

"ಶುಕ್ರವಾರ" ಎಂದು ಬೊಳ್ಳಮ್ಮಕ್ಕ ತಲೆಯಾಡಿಸಿದಳು. "ನಾ ಮಡಿಕೇರಿ ಸಂತೆಗೆ ಹೋದ ದಿನ. ಅದೇ, ಬರುವಾಗ ಓಣಿ ಬಾಯಿಲಿ ನಿನ್ನ ಕಂಡ ಹಾಗೆ ಆತ್ ನಂಗೆ."